ಸತ್ತ ಮಕ್ಕಳನ್ನು ಕೂಗಿ ಕರೆಯುವ ಕ್ಯಾಮೆರಾ

ಅಮೆರಿಕದ ಅಯೋವಾ ರಾಜ್ಯದ ವಿಲಿಸ್ಕಾ ಎಂಬ ಸಣ್ಣ ಊರಿನಲ್ಲಿ ಬಿಳಿ ಬಣ್ಣದ ಮರದ ಮನೆಯೊಂದಿದೆ. 1912ರ ಜೂನ್ 9ರ ರಾತ್ರಿ ಅಲ್ಲಿ ಮಲಗಿದ್ದ ಎಂಟು ಮಂದಿಯನ್ನು ಬೆಳಕು ಹರಿಯುವುದರೊಳಗೆ ಯಾರೋ ಕೊಡಲಿಯಿಂದ ಕೊಂದರು. ಎಂಟರಲ್ಲಿ ಆರು ಮಕ್ಕಳು. ಕೊಂದವರು ಯಾರೆಂದು ಇಂದಿಗೂ ಸಾಬೀತಾಗಿಲ್ಲ. ಈ ಮನೆ ಈಗ ಟೆಲಿವಿಷನ್ನಿನ ಪಾಲಿಗೆ 'ದೆವ್ವದ ಮನೆ'. ಭೂತಬೇಟೆಯ ತಂಡಗಳು ಒಂದರ ಹಿಂದೆ ಒಂದು ಅಲ್ಲಿಗೆ ಹೋಗುತ್ತವೆ, ಕತ್ತಲಲ್ಲಿ ಕ್ಯಾಮೆರಾ ನೆಡುತ್ತವೆ, ಕೊಲೆಯಾದ ಮಕ್ಕಳ ಹೆಸರು ಹಿಡಿದು ಕೂಗುತ್ತವೆ. ಇದನ್ನು ಇತಿಹಾಸ ಎನ್ನಲಾಗದು, ತನಿಖೆ ಎನ್ನಲಾಗದು, ಯಾರಿಗೂ ತೊಂದರೆ ಕೊಡದ ಮನರಂಜನೆ ಎಂದೂ ಒಪ್ಪಲಾಗದು. ಇದು ಮಾಡಬಾರದ ಕೆಲಸ. ಮಾಡುತ್ತಿರುವವರು ನಿಲ್ಲಿಸಬೇಕು, ಪ್ರಸಾರ ಮಾಡುತ್ತಿರುವವರು ಕೈಬಿಡಬೇಕು.

ಹೀಗೆ ಕಟುವಾಗಿ ಹೇಳಲು ಕಾರಣ ಆ ರಾತ್ರಿಯ ವಿವರಗಳಲ್ಲೇ ಇದೆ. ಅಂದು ಭಾನುವಾರ. ಊರಿನ ಪ್ರೆಸ್‌ಬಿಟೇರಿಯನ್ ಚರ್ಚಿನಲ್ಲಿ ಮಕ್ಕಳ ದಿನದ ಕಾರ್ಯಕ್ರಮವಿತ್ತು. ಅದರ ಓಡಾಟವನ್ನೆಲ್ಲ ನೋಡಿಕೊಂಡವರು ಸಾರಾ ಮೂರ್. ಅವರ ಗಂಡ ಜೋಸಾಯ ಮೂರ್ ಊರಿನಲ್ಲಿ ಕೃಷಿ ಸಲಕರಣೆಗಳ ಅಂಗಡಿ ಇಟ್ಟುಕೊಂಡಿದ್ದವರು. ನಾಲ್ವರು ಮಕ್ಕಳು: ಹರ್ಮನ್, ಕ್ಯಾಥರೀನ್, ಬಾಯ್ಡ್, ಪಾಲ್. ಕೊನೆಯವನಿಗೆ ಐದು ವರ್ಷ. ಕ್ಯಾಥರೀನಳ ಗೆಳತಿಯರಾದ ಲೀನಾ ಮತ್ತು ಐನಾ ಸ್ಟಿಲಿಂಜರ್ ಎಂಬ ಅಕ್ಕತಂಗಿಯರು ಆ ರಾತ್ರಿ ಅಜ್ಜಿಯ ಮನೆಯಲ್ಲಿ ತಂಗಬೇಕಿತ್ತು. ಮೂರ್ ದಂಪತಿ ಅವರ ಮನೆಗೆ ಫೋನ್ ಮಾಡಿ, ಮಕ್ಕಳು ಇಲ್ಲೇ ಉಳಿಯಲಿ ಎಂದು ತಿಳಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಎಲ್ಲರೂ ನಡೆದುಕೊಂಡೇ ಮನೆಗೆ ಬಂದರು. ಅಕ್ಕತಂಗಿಯರಿಗೆ ಕೆಳಗಿನ ಕೋಣೆಯಲ್ಲಿ ಹಾಸಿಗೆ ಹಾಸಿದರು.

ಮರುದಿನ ಬೆಳಿಗ್ಗೆ ಆ ಮನೆಯ ಬಾಗಿಲು ತೆರೆಯಲಿಲ್ಲ. ಪಕ್ಕದ ಮನೆಯ ಮೇರಿ ಪೆಕ್ಹಮ್ ಬಾಗಿಲು ತಟ್ಟಿದರು. ಓಗೊಡುವವರಿಲ್ಲ. ಹಸಿದಿದ್ದ ಕೋಳಿಗಳನ್ನು ಗೂಡಿನಿಂದ ಬಿಟ್ಟು, ಜೋಸಾಯನ ಸಹೋದರನಿಗೆ ಹೇಳಿ ಕಳಿಸಿದರು. ಒಳಗೆ ಕಂಡದ್ದು ಇಷ್ಟು. ಎಂಟೂ ಜನರ ಮುಖಗಳಿಗೆ ಬಟ್ಟೆ ಮುಚ್ಚಿತ್ತು. ಕನ್ನಡಿಗಳಿಗೂ ಬಟ್ಟೆ ಹೊದಿಸಿತ್ತು. ಸೀಮೆಎಣ್ಣೆ ದೀಪದ ಗಾಜಿನ ಬುರುಡೆಯನ್ನು ಕಳಚಿ ಪಕ್ಕಕ್ಕಿಟ್ಟು, ಬತ್ತಿಯನ್ನು ಬಗ್ಗಿಸಿತ್ತು. ಅಡುಗೆಮನೆಯ ಮೇಜಿನ ಮೇಲೆ ರಕ್ತ ಬೆರೆತ ನೀರಿನ ಬೋಗುಣಿ. ಕೊಡಲಿ ಜೋಸಾಯನದೇ, ಅಕ್ಕತಂಗಿಯರು ಮಲಗಿದ್ದ ಕೋಣೆಯಲ್ಲಿ ಬಿದ್ದಿತ್ತು. ಮಹಡಿಯ ಚಾವಣಿಯಲ್ಲಿ ಕೊಡಲಿ ಎತ್ತಿದಾಗ ತಗುಲಿದ ಗೀರುಗಳಿದ್ದವು.

ಈ ವಿವರಗಳನ್ನು ಬರೆಯುವಾಗ ನಮ್ಮ ಕೈಯೂ ತಡೆಯುತ್ತದೆ. ಆದರೂ ಬರೆದಿದ್ದೇವೆ, ಏಕೆಂದರೆ ಇವು ಸಾಕ್ಷ್ಯಗಳು. ಟೆಲಿವಿಷನ್ ಇವೇ ವಿವರಗಳನ್ನು ತೆಗೆದುಕೊಂಡು ಹಿನ್ನೆಲೆ ಸಂಗೀತದ ಜೊತೆ ಬಡಿಸುತ್ತದೆ. ಅಲ್ಲಿ ಇವು ಮೈ ಜುಮ್ಮೆನಿಸುವ ಸಾಮಗ್ರಿ ಮಾತ್ರ.

ಇನ್ನೊಂದು ಸಂಗತಿ ಭೂತಬೇಟೆಯವರಿಗೆ ಬೇಕಿಲ್ಲದ್ದು, ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು. ಸುದ್ದಿ ಹರಡಿದ ಕೂಡಲೇ ಊರಿನ ಜನ ಆ ಮನೆಗೆ ನುಗ್ಗಿದರು. ಮಾರ್ಷಲ್ ಹ್ಯಾಂಕ್ ಹಾರ್ಟನ್‌ಗೆ ತಡೆಯಲಾಗಲಿಲ್ಲ. ನ್ಯಾಷನಲ್ ಗಾರ್ಡ್ ಪಡೆ ಬಂದು ಮನೆಯನ್ನು ಸುತ್ತುವರಿಯುವ ಹೊತ್ತಿಗೆ ಹತ್ತಾರು ಮಂದಿ ಕೋಣೆ ಕೋಣೆ ಸುತ್ತಿ, ಹಾಸಿಗೆಗಳ ಪಕ್ಕ ನಿಂತು, ಕಂಡದ್ದನ್ನೆಲ್ಲ ಮುಟ್ಟಿ ಹೋಗಿದ್ದರು. ಬೆರಳಚ್ಚಿನ ಶಾಸ್ತ್ರ ಆಗಲೇ ಬಳಕೆಗೆ ಬಂದಿತ್ತು. ಲೆವೆನ್‌ವರ್ತ್ ಕಾರಾಗೃಹದಿಂದ ತಜ್ಞರನ್ನು ಕರೆಸಲಾಯಿತು. ಉಪಯೋಗಕ್ಕೆ ಬರುವಂಥದ್ದೇನೂ ಸಿಗಲಿಲ್ಲ. ನೋಡುವ ಚಪಲಕ್ಕೆ ನುಗ್ಗಿದ ಜನ ಕೊಲೆಗಾರನ ಜಾಡನ್ನು ತುಳಿದು ಅಳಿಸಿದರು. ಎಂಟು ಜನರಿಗೆ ನ್ಯಾಯ ಸಿಗದೆ ಹೋದದ್ದರಲ್ಲಿ ಆ ಗುಂಪಿನ ಪಾಲೂ ಇದೆ. ಇಂದು ಕ್ಯಾಮೆರಾ ಹೊತ್ತು ಬರುವವರು ಆ ಗುಂಪಿನ ವಾರಸುದಾರರು. ವ್ಯತ್ಯಾಸವೆಂದರೆ, ಅಂದಿನವರು ದಿಗ್ಭ್ರಮೆಯಲ್ಲಿ ಬಂದಿದ್ದರು. ಇವರು ಲೆಕ್ಕ ಹಾಕಿಕೊಂಡು ಬರುತ್ತಾರೆ.

ಮುಂದೆ ನಡೆದದ್ದೂ ಪಾಠವಾಗಬೇಕಿತ್ತು. ಬರ್ನ್ಸ್ ಪತ್ತೇದಾರಿ ಸಂಸ್ಥೆಯ ಜೇಮ್ಸ್ ವಿಲ್ಕರ್ಸನ್ ಎಂಬಾತ, ಜೋಸಾಯನ ವ್ಯಾಪಾರದ ಎದುರಾಳಿಯೂ ರಾಜ್ಯದ ಸೆನೆಟರನೂ ಆಗಿದ್ದ ಫ್ರ್ಯಾಂಕ್ ಜೋನ್ಸ್ ಕಡೆಗೆ ಬೆರಳು ತೋರಿಸಿದ. ಬಾಡಿಗೆ ಹಂತಕನೆಂದು ವಿಲಿಯಂ ಮ್ಯಾನ್ಸ್‌ಫೀಲ್ಡ್ ಎಂಬವನನ್ನು 1916ರಲ್ಲಿ ಹಿಡಿದು ತಂದರು. ಕೊಲೆಯ ಹೊತ್ತಿಗೆ ಅವನು ಇಲಿನಾಯ್ ರಾಜ್ಯದಲ್ಲಿ ಕೂಲಿಗಿದ್ದ ಎಂದು ವೇತನಪಟ್ಟಿ ಹೇಳಿತು, ಬಿಟ್ಟುಬಿಟ್ಟರು. ಊರು ಎರಡಾಗಿ ಒಡೆಯಿತು. ಜೋನ್ಸ್‌ನ ರಾಜಕೀಯ ಅಲ್ಲಿಗೆ ಮುಗಿಯಿತು. 1917ರಲ್ಲಿ ಜಾರ್ಜ್ ಕೆಲ್ಲಿ ಎಂಬ ಪಾದ್ರಿಯ ಸರದಿ ಬಂತು. ಆ ಭಾನುವಾರ ಚರ್ಚಿನಲ್ಲಿದ್ದು ಮರುದಿನ ನಸುಕಿನ ರೈಲಿಗೆ ಊರು ಬಿಟ್ಟಿದ್ದವನು, ಮಾನಸಿಕವಾಗಿ ಅಸ್ವಸ್ಥನಾಗಿದ್ದವನು. ರಾತ್ರಿಯಿಡೀ ವಿಚಾರಣೆ ನಡೆಸಿ ಅವನಿಂದ ತಪ್ಪೊಪ್ಪಿಗೆ ಪಡೆದರು. ಅವನು ಅದನ್ನು ಹಿಂತೆಗೆದುಕೊಂಡ. ಮೊದಲ ವಿಚಾರಣೆಯಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ, ಎರಡನೆಯದರಲ್ಲಿ ಖುಲಾಸೆಯಾದ. ಕಾನೂನಿನ ಪಾಲಿಗೆ ಪ್ರಕರಣ ಅಲ್ಲಿಗೇ ನಿಂತಿತು. ಸಾಕ್ಷ್ಯವಿಲ್ಲದ ಆರೋಪ ಎಷ್ಟು ಜನರ ಬಾಳು ಸುಡುತ್ತದೆ ಎಂಬುದನ್ನು ಆ ಊರು ಕಣ್ಣಾರೆ ಕಂಡಿದೆ. ಅಂಥ ಊರಿನ ಮನೆಯೊಳಗೆ ಕುಳಿತು, ಯಂತ್ರದ ಗರಗರ ಸದ್ದಿನಲ್ಲಿ ಕೊಲೆಗಾರನ ಹೆಸರು ಕೇಳಿಸಿತು ಎನ್ನುವುದು ಎಷ್ಟು ದೊಡ್ಡ ಹೊಣೆಗೇಡಿತನ!

ಆ ಮನೆ ತನ್ನಷ್ಟಕ್ಕೆ ದೆವ್ವದ ಮನೆಯಾಗಲಿಲ್ಲ. ಕೊಲೆಯಾದ ಮೇಲೆ ಹಲವು ದಶಕ ಅದು ಸಾಧಾರಣ ವಾಸದ ಮನೆಯಾಗಿತ್ತು. ಮಾಲೀಕರು ಬದಲಾದರು, ಬಾಡಿಗೆಯವರು ಬಂದರು, ಹೋದರು. 1994ರಲ್ಲಿ ಡಾರ್ವಿನ್ ಮತ್ತು ಮಾರ್ಥಾ ಲಿನ್ ದಂಪತಿ ಅದನ್ನು ಕೊಂಡು, ನಂತರದ ಕಾಲದಲ್ಲಿ ಸೇರಿಸಿದ್ದನ್ನೆಲ್ಲ ಕಿತ್ತು, 1912ರಲ್ಲಿ ಹೇಗಿತ್ತೋ ಹಾಗೆ ಮಾಡಿದರು. 1998ರಲ್ಲಿ ಅದು ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಈ ಸಂರಕ್ಷಣೆಯ ಬಗ್ಗೆ ನಮ್ಮ ತಕರಾರಿಲ್ಲ. ಒಂದು ಊರು ತನ್ನ ನೋವಿನ ಜಾಗವನ್ನು ಉಳಿಸಿಕೊಳ್ಳುವುದು ಸರಿಯೇ. ಆದರೆ ಹಗಲಿನಲ್ಲಿ ಇತಿಹಾಸ ಹೇಳುವ ಮನೆ, ರಾತ್ರಿ ತಂಗುವವರಿಗೆ ಬಾಡಿಗೆಗೆ ಸಿಗುವ ಮನೆಯೂ ಆಯಿತು. ಟೆಲಿವಿಷನ್ ಬಂದು ಆ ರಾತ್ರಿಯನ್ನೇ ದೊಡ್ಡದು ಮಾಡಿತು. ಟ್ರಾವೆಲ್ ಚಾನೆಲ್‌ನ 'ಘೋಸ್ಟ್ ಅಡ್ವೆಂಚರ್ಸ್' ಸೇರಿದಂತೆ ಹಲವು ಕಾರ್ಯಕ್ರಮಗಳು ವಿಲಿಸ್ಕಾದ ಹೆಸರನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದವು, ಕೊಲೆಯ ಮನೆಯಾಗಿ ಅಲ್ಲ, ಭೂತದ ಮನೆಯಾಗಿ.

ಇಂಥ ಕಾರ್ಯಕ್ರಮಗಳ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅವರ ಕೈಯಲ್ಲಿರುವ ಮೀಟರು ವಿದ್ಯುತ್ಕಾಂತೀಯ ಕ್ಷೇತ್ರವನ್ನು ಅಳೆಯುವಂಥದ್ದು, ಮನೆಯ ವೈರಿಂಗ್‌ನಲ್ಲಿ ದೋಷವಿದೆಯೇ ಎಂದು ನೋಡಲು ಬಳಸುವ ಬಗೆಯದು. ವಿಲಿಸ್ಕಾದ ಆ ಮನೆಯಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲ. 1912ರ ಸ್ಥಿತಿಗೆ ತಂದಿರುವುದರಿಂದ ನಲ್ಲಿ ನೀರೂ ಇಲ್ಲ. ಹಾಗಿದ್ದೂ ಮೀಟರಿನ ದೀಪ ಮಿನುಗಿದರೆ ಮೊದಲು ಸಂಶಯಪಡಬೇಕಾದದ್ದು ತಂಡದವರ ಜೇಬಿನ ಮೊಬೈಲನ್ನು, ವಾಕಿಟಾಕಿಯನ್ನು, ವೈರ್‌ಲೆಸ್ ಮೈಕನ್ನು. 'ಆತ್ಮದ ಪೆಟ್ಟಿಗೆ' ಎನ್ನುವ ಇನ್ನೊಂದು ಯಂತ್ರ, ರೇಡಿಯೋ ಕೇಂದ್ರಗಳನ್ನು ಸರಸರನೆ ದಾಟುತ್ತ ಹೋಗುವ ರೇಡಿಯೋ ಅಷ್ಟೆ. ಅದರಲ್ಲಿ ಮಾತಿನ ಚೂರುಗಳು ಕೇಳಿಸದಿದ್ದರೆ ಆಶ್ಚರ್ಯಪಡಬೇಕು. ಆ ಚೂರನ್ನು ಮತ್ತೆ ಮತ್ತೆ ಕೇಳಿಸಿ, ಕೆಳಗೆ ಅಕ್ಷರದಲ್ಲಿ ಅದರ 'ಅರ್ಥ' ಬರೆದು ತೋರಿಸುತ್ತಾರೆ. ಅಕ್ಷರ ಓದಿದ ಮೇಲೆ ಕಿವಿಗೆ ಅದೇ ಕೇಳುತ್ತದೆ. ಮನುಷ್ಯನ ಮಿದುಳು ಗದ್ದಲದಲ್ಲಿ ಅರ್ಥ ಹುಡುಕುವಂತೆ ರೂಪುಗೊಂಡಿದೆ. ಆ ಸ್ವಭಾವವನ್ನು ಇವರು ದುಡಿಸಿಕೊಳ್ಳುತ್ತಾರೆ. ಇನ್‌ಫ್ರಾರೆಡ್ ಕ್ಯಾಮೆರಾದ ಮುಂದೆ ತೇಲುವ ಬೆಳಕಿನ ಗುಂಡುಗಳು ಬಹುಪಾಲು ಧೂಳಿನ ಕಣಗಳು.

ವಿಜ್ಞಾನ ಇಂಥ ಮನೆಗಳ ಕಡೆ ತಿರುಗಿಯೂ ನೋಡಿಲ್ಲ ಎಂದು ಯಾರೂ ಹೇಳಬಾರದು. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್, ತಮ್ಮ ಪ್ರಯೋಗಾಲಯದಲ್ಲಿ ಕಾಣಿಸಿದ ಬೂದು ಆಕೃತಿಯ ಮೂಲವನ್ನು ಹುಡುಕಿಕೊಂಡು ಹೋದರು. ಫ್ಯಾನೊಂದು ಸುಮಾರು 19 ಹರ್ಟ್ಸ್ ಆವರ್ತನದ, ಕಿವಿಗೆ ಕೇಳದ ಕಂಪನವನ್ನು ಹುಟ್ಟಿಸುತ್ತಿತ್ತು. ಫ್ಯಾನನ್ನು ಸರಿಪಡಿಸಿದ ಮೇಲೆ ಆ ಕಂಪನ ಹೋಯಿತು. ಆಕೃತಿ ಕಾಣಿಸಲು ಆ ಕಂಪನವೇ ಕಾರಣ ಎಂಬ ತಮ್ಮ ವಿವರಣೆಯನ್ನು 1998ರಲ್ಲಿ ಲೇಖನವಾಗಿ ಪ್ರಕಟಿಸಿ ಇತರರ ಪರೀಕ್ಷೆಗೆ ಒಡ್ಡಿದರು. ಭಯವನ್ನು ಗೌರವದಿಂದ ತನಿಖೆ ಮಾಡುವ ಬಗೆ ಇದು. ಟೆಲಿವಿಷನ್ನಿಗೆ ಇದು ಬೇಡ, ಏಕೆಂದರೆ ಕಾರಣ ಸಿಕ್ಕಿದರೆ ಸಂಚಿಕೆ ಮುಗಿಯುತ್ತದೆ.

ಇದೆಲ್ಲ ಬರೀ ಮೌಢ್ಯವಾಗಿದ್ದರೆ ಇಷ್ಟು ಉದ್ದಕ್ಕೆ ಬರೆಯುತ್ತಿರಲಿಲ್ಲ. ನಮ್ಮನ್ನು ಕೆರಳಿಸುವುದು ಅದರ ಕ್ರೌರ್ಯ. ಭೂತಬೇಟೆಯವರ ಭಾಷೆಯಲ್ಲಿ ಆತ್ಮವನ್ನು 'ಕೆಣಕುವುದು' ಎಂಬ ತಂತ್ರವಿದೆ: ಬೈಯುವುದು, ಹೀಯಾಳಿಸುವುದು, ಸತ್ತ ಕ್ಷಣವನ್ನು ನೆನಪಿಸುವುದು. ಮಕ್ಕಳಾದರೆ ಆಮಿಷ. ವಿಲಿಸ್ಕಾದ ಮಕ್ಕಳ ಕೋಣೆಯಲ್ಲಿ ಬಂದವರು ಬಿಟ್ಟುಹೋದ ಆಟಿಕೆಗಳಿವೆ. ಚೆಂಡು ಉರುಳಿಸಿ ಐದು ವರ್ಷದ ಮಗುವನ್ನು ಆಟಕ್ಕೆ ಕರೆಯುತ್ತಾರೆ. ಒಂದು ನಿಮಿಷ ಅವರ ನಂಬಿಕೆಯನ್ನೇ ನಿಜವೆಂದು ಇಟ್ಟುಕೊಳ್ಳೋಣ: ಆ ಮಗು ಅಲ್ಲೇ ಇದೆ, ಶತಮಾನ ಕಳೆದರೂ ಬಿಡುಗಡೆಯಿಲ್ಲದೆ ಹೆದರಿ ಮೂಲೆಯಲ್ಲಿದೆ. ಅಂಥ ಮಗುವಿನ ಮುಂದೆ ಕ್ಯಾಮೆರಾ ಹಿಡಿದು, ನಿನ್ನನ್ನು ಕೊಂದವರು ಯಾರು ಹೇಳು ಎಂದು ಕೂಗಲು ಮನಸ್ಸಾದರೂ ಹೇಗೆ ಬಂತು? ನಂಬಿದರೆ ಅದು ಹಿಂಸೆ. ನಂಬದೆ ನಟಿಸಿದರೆ ಮೋಸ. ಮೂರನೆಯ ದಾರಿ ಕಾಣುತ್ತಿಲ್ಲ. ಸಾವಿನ ಮನೆಗೆ ಹೋದವರು ದನಿ ತಗ್ಗಿಸುತ್ತಾರೆ. ಇದನ್ನು ಯಾವ ದೇಶದಲ್ಲೂ ಯಾರೂ ಹೇಳಿಕೊಡಬೇಕಾಗಿಲ್ಲ. ಉರಿಯುವ ಮನೆಯಲ್ಲಿ ಗಳ ಹಿರಿಯುವವರಿಗೆ ಮಾತ್ರ ಆ ಸಂಕೋಚವಿರುವುದಿಲ್ಲ.

2014ರ ನವೆಂಬರಿನಲ್ಲಿ ಭೂತದ ಹುಡುಕಾಟಕ್ಕೆಂದು ಆ ಮನೆಗೆ ಬಂದಿದ್ದ ಒಬ್ಬರು ರಾತ್ರಿ ತಮ್ಮ ಎದೆಗೆ ತಾವೇ ಚೂರಿ ಹಾಕಿಕೊಂಡರು. ಅವರನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅದಕ್ಕೆ ಕಾರಣ ಇಂಥದ್ದೇ ಎಂದು ದೂರದಲ್ಲಿ ಕುಳಿತು ಹೇಳುವುದು ತಪ್ಪು. ಆದರೆ ಕತ್ತಲು, ನಿದ್ದೆಗೇಡು, ಭಯದ ನಿರೀಕ್ಷೆ ಇವನ್ನೇ ಸರಕಾಗಿ ಮಾರುವ ಉದ್ಯಮ, ಮನಸ್ಸು ದುರ್ಬಲವಾಗಿರುವ ಮನುಷ್ಯನೂ ಬರಬಹುದು ಎಂದು ಯೋಚಿಸಿದ ಕುರುಹು ನಮಗೆ ಕಾಣುವುದಿಲ್ಲ.

ಊರಿಗೆ ಪ್ರವಾಸಿಗರಿಂದ ನಾಲ್ಕು ಕಾಸು ಬರುತ್ತದೆ, ಹೀಗಾದರೂ ಮೂರ್ ಕುಟುಂಬದ ಹೆಸರು ಉಳಿದಿದೆ ಎಂಬ ಸಮರ್ಥನೆಯಿದೆ. ಸಾವಿರ ಚಿಲ್ಲರೆ ಜನರಿರುವ ಊರಿನ ಬವಣೆ ನಮಗೆ ಅರ್ಥವಾಗುತ್ತದೆ. ಆದರೆ ಹೆಸರು ಉಳಿಸಲು ಬೇರೆ ದಾರಿ ಇತ್ತು ಎಂಬುದಕ್ಕೆ ಪುರಾವೆ ಇದೆ. ಎಡ್ ಎಪರ್ಲಿ ಎಂಬ ಸಂಶೋಧಕರು ದಶಕಗಟ್ಟಲೆ ದಾಖಲೆ ಕೆದಕಿ, ಬದುಕಿದ್ದವರನ್ನು ಮಾತನಾಡಿಸಿ ಈ ಪ್ರಕರಣವನ್ನು ಕಟ್ಟಿಕೊಟ್ಟರು. ಕೆಲ್ಲಿ ಮತ್ತು ಟ್ಯಾಮಿ ರಂಡಲ್ ದಂಪತಿ 2004ರಲ್ಲಿ ಇದರ ಬಗ್ಗೆ ಸಾಕ್ಷ್ಯಚಿತ್ರ ಮಾಡಿದರು. ಬೇಸ್‌ಬಾಲ್ ಅಂಕಿಅಂಶಗಳಿಗೆ ಹೆಸರಾದ ಬಿಲ್ ಜೇಮ್ಸ್, ಮಗಳೊಡನೆ ಹಳೆಯ ಪತ್ರಿಕೆಗಳನ್ನು ತಿರುವಿಹಾಕಿ 2017ರಲ್ಲಿ ಪುಸ್ತಕವನ್ನೇ ಬರೆದರು. ಕೊಲರಾಡೊ ಸ್ಪ್ರಿಂಗ್ಸ್, ಕಾನ್ಸಾಸ್‌ನ ಎಲ್ಸ್‌ವರ್ತ್ ಮತ್ತು ಪಾಓಲಾಗಳಲ್ಲಿ 1911-12ರ ಅವಧಿಯಲ್ಲೇ ರೈಲುಹಾದಿಗೆ ಹತ್ತಿರದ ಮನೆಗಳಲ್ಲಿ ಮಲಗಿದ್ದ ಕುಟುಂಬಗಳ ಕೊಲೆಗಳಾಗಿದ್ದವು. ರೈಲು ಹತ್ತಿ ಊರಿಂದೂರಿಗೆ ಹೋಗುತ್ತಿದ್ದ ಒಬ್ಬನೇ ಕೊಲೆಗಾರನ ಕೆಲಸವಿದು ಎಂಬುದು ಜೇಮ್ಸ್ ವಾದ. ಒಪ್ಪಬಹುದು, ಬಿಡಬಹುದು, ವಾದಕ್ಕೆ ಆಧಾರಗಳಿವೆ, ಪ್ರಶ್ನಿಸಲು ಎಡೆಯಿದೆ. ದೂರದೂರುಗಳ ಪೊಲೀಸರ ನಡುವೆ ಮಾಹಿತಿಯೇ ಸರಿಯಾಗಿ ಹರಿಯದ ಕಾಲದಲ್ಲಿ ಎಂಥ ಅಪಾಯ ಹಳಿಗಳ ಮೇಲೆ ಓಡಾಡಿತು ಎಂಬ ಈ ಕಥೆಗಿಂತ ದೊಡ್ಡ ಕಥೆ ಟೆಲಿವಿಷನ್ನಿಗೆ ಬೇಕಿತ್ತೇ? ಅದನ್ನು ಬಿಟ್ಟು ಧೂಳಿನ ಕಣ ಹಿಡಿಯಲು ಹೋದರು.

ಇದು ಅಮೆರಿಕದ ಚಾಳಿ, ನಮಗೇಕೆ ಎನ್ನುವಂತಿಲ್ಲ. 2018ರ ಜುಲೈ 1ರಂದು ದೆಹಲಿಯ ಬುರಾರಿಯಲ್ಲಿ ಒಂದೇ ಮನೆಯ ಹನ್ನೊಂದು ಜನ ಸತ್ತರು. ಆ ಮನೆಯ ಗೋಡೆಯಲ್ಲಿದ್ದ ಹನ್ನೊಂದು ಪೈಪುಗಳನ್ನು ತೋರಿಸಿ, ಅವುಗಳಲ್ಲೇ ಸಾವಿನ ರಹಸ್ಯವಿದೆ ಎಂಬಂತೆ ನಮ್ಮ ಸುದ್ದಿವಾಹಿನಿಗಳು ದಿನಗಟ್ಟಲೆ ಕಿರುಚಿದವು. ಪೊಲೀಸರು ಮನೆಯಲ್ಲಿ ಸಿಕ್ಕ ಡೈರಿಗಳನ್ನು ಓದಿ, ಮನೋವೈಜ್ಞಾನಿಕ ಪರಿಶೀಲನೆ ಮಾಡಿಸಿ ಮಾನಸಿಕ ಅನಾರೋಗ್ಯದ ಕಡೆ ಗಮನ ಸೆಳೆಯುವ ಹೊತ್ತಿಗೆ ಆ ಮನೆಗೆ ಹಣೆಪಟ್ಟಿ ಬಿದ್ದಾಗಿತ್ತು. ಕನ್ನಡದಲ್ಲೂ ಪವಾಡ, ಪ್ರೇತ, ಶಾಪಗಳನ್ನು ಪ್ರಶ್ನೆಯ ದನಿಯಲ್ಲಿ ಮಾರುವ ಕಾರ್ಯಕ್ರಮಗಳಿಗೆ ವರ್ಷಾನುಗಟ್ಟಲೆಯ ಪರಂಪರೆಯಿದೆ. ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಹೊಣೆ ಕಳಚಿತು ಎಂದು ಸಂಪಾದಕರು ಭಾವಿಸಿದಂತಿದೆ. ಕಳಚುವುದಿಲ್ಲ.

ನಮ್ಮಲ್ಲಿ ಕಾನೂನಿನ ಕೊರತೆಯೂ ಇಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲಗಳ ನಿಯಮಗಳಲ್ಲಿ ಆರನೆಯ ನಿಯಮವೇ ಮೂಢನಂಬಿಕೆಗೆ ಉತ್ತೇಜನ ಕೊಡುವ ಕಾರ್ಯಕ್ರಮಗಳನ್ನು ನಿಷೇಧಿಸುತ್ತದೆ. ಅದನ್ನು ಜಾರಿಗೆ ತರಬೇಕಾದವರು ಕಣ್ಣುಮುಚ್ಚಿ ಕುಳಿತಿದ್ದಾರೆ. ಕೊಲೆಯಾದವರ, ಅದರಲ್ಲೂ ಮಕ್ಕಳ ಹೆಸರು ಹಿಡಿದು ಆತ್ಮ ಕರೆಯುವ ಯಾವ ಕಾರ್ಯಕ್ರಮಕ್ಕೂ, ಅದು ಇಲ್ಲಿ ತಯಾರಾದದ್ದಾಗಲಿ, ಹೊರಗಿನಿಂದ ಕೊಂಡು ತಂದದ್ದಾಗಲಿ, ಭಾರತದ ಪರದೆಯಲ್ಲಿ ಜಾಗ ಇರಬಾರದು. 2021ರ ತಿದ್ದುಪಡಿಯ ಪ್ರಕಾರ ನೋಡುಗರು ನೇರವಾಗಿ ವಾಹಿನಿಗೇ ದೂರು ಕೊಡಬಹುದು. ವಾಹಿನಿ ಹದಿನೈದು ದಿನದೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಮಾಡದಿದ್ದರೆ ಸ್ವನಿಯಂತ್ರಣ ಸಂಸ್ಥೆಗೆ, ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರಕ್ಕೆ ಹೋಗುವ ದಾರಿಯಿದೆ. ಕಾರ್ಯಕ್ರಮದ ಹೆಸರು, ಪ್ರಸಾರವಾದ ದಿನ, ಹೊತ್ತು ಗುರುತು ಹಾಕಿಕೊಂಡು ದೂರು ಬರೆಯಿರಿ.