ಓದತಕ್ಕ ಪುಸ್ತಕಗಳು

ಮಕ್ಕಳ ಕೈಯಲ್ಲಿ ಪುಸ್ತಕವನ್ನು ಕಂಡು ಸಂತೋಷಪಡದ ತಂದೆತಾಯಿಗಳಿಲ್ಲ. ಆದರೆ ಆ ಪುಸ್ತಕ ಪಾಠದ್ದಲ್ಲ, ಕಾದಂಬರಿ ಎಂದು ತಿಳಿದೊಡನೆ ಅವರ ಸಂತೋಷ ಕುಂದುತ್ತದೆ. ಕತೆ ಓದಿ ಕಾಲ ಕಳೆಯಬೇಡ ಎಂಬ ಬುದ್ಧಿಮಾತು ಕೂಡಲೇ ಹೊರಡುತ್ತದೆ. ಅದೇ ಕೈಯಲ್ಲಿ ಯಶಸ್ಸಿನ ಮಾರ್ಗವನ್ನೋ ವ್ಯಕ್ತಿತ್ವದ ಬೆಳವಣಿಗೆಯನ್ನೋ ಕುರಿತ ಪುಸ್ತಕವಿದ್ದರೆ ಯಾರೂ ಆಕ್ಷೇಪಿಸುವುದಿಲ್ಲ. ಕತೆ ಕಾಲಹರಣ, ಉಪದೇಶ ಉಪಯುಕ್ತ ಎಂಬುದು ಲೋಕದ ಸಾಮಾನ್ಯ ತೀರ್ಮಾನ. ಈ ತೀರ್ಮಾನವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅಗತ್ಯ. ಏಕೆಂದರೆ ಮನುಷ್ಯನನ್ನು ತಿದ್ದಿದ ಕತೆಗಳೂ ಉಂಟು, ಹಾದಿ ತಪ್ಪಿಸಿದ ಉಪದೇಶಗಳೂ ಉಂಟು.

ಕತೆ ಮತ್ತು ಉಪದೇಶ ಇವೆರಡೂ ಕನ್ನಡ ನಾಡಿಗೆ ಹೊಸವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಶಿರಾ ಸುತ್ತಿನ ಕಾಡುಗೊಲ್ಲರು ಬಿದಿರಿನ ಗಣೆಯ ನಾದದೊಡನೆ ಜುಂಜಪ್ಪನ ಕತೆಯನ್ನು ತಲೆಮಾರುಗಳಿಂದ ಹಾಡುತ್ತ ಬಂದಿದ್ದಾರೆ. ಸುಗ್ಗಿ ಮುಗಿದ ಮೇಲೆ ಮೂಡಲಪಾಯದ ಬಯಲಾಟಗಳು ಹಳ್ಳಿಯ ಜನರನ್ನು ಬೆಳಗಿನವರೆಗೆ ಎಚ್ಚರವಾಗಿ ಕೂರಿಸುತ್ತಿದ್ದವು. ಇದು ಕತೆಯ ಧಾರೆ. ಇನ್ನೊಂದು ಕಡೆ ಕೂಲಿಮಠದ ಅಯ್ಯಗಳು ಮಕ್ಕಳಿಗೆ ಸೋಮೇಶ್ವರ ಶತಕವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಸರ್ವಜ್ಞನ ತ್ರಿಪದಿಗಳು ಅಕ್ಷರ ಬಾರದವರ ನಾಲಗೆಯ ಮೇಲೂ ಇದ್ದವು. ಇದು ನೀತಿಯ ಧಾರೆ. ಆಗಿನ ಜನ ಇವೆರಡರಲ್ಲಿ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ತಳ್ಳಿದವರಲ್ಲ. ಹಗಲು ಶತಕವನ್ನು ಒಪ್ಪಿಸಿದ ಹುಡುಗನೇ ರಾತ್ರಿ ಬಯಲಾಟದ ಮುಂದೆ ಕುಳಿತಿರುತ್ತಿದ್ದನು.

ಮುದ್ರಣ ಬಂದ ಮೇಲೆ ಕೇಳುವ ಕತೆ ಓದುವ ಕತೆಯಾಯಿತು. ಬಿ. ವೆಂಕಟಾಚಾರ್ಯರು (1845-1914) ಬಂಗಾಳಿಯಿಂದ ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942) ಕಾದಂಬರಿಗಳನ್ನು ಬರೆದುದಷ್ಟೇ ಅಲ್ಲದೆ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಕನ್ನಡದಲ್ಲಿ ಓದುವ ಜನರೇ ವಿರಳವಾಗಿದ್ದ ಕಾಲವದು. ಕತೆಯ ರುಚಿಯನ್ನು ಹತ್ತಿಸಿ ಅವರು ಓದುಗರನ್ನು ಸೃಷ್ಟಿಸಿದರು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಅನಂತರದ ದಶಕಗಳಲ್ಲಿ ಅ. ನ. ಕೃಷ್ಣರಾಯರ ಕಾದಂಬರಿಗಳು ಮನೆಮನೆಯನ್ನು ಮುಟ್ಟಿದವು. ಶಾಲೆಯ ಓದು ಹೆಚ್ಚಾಗಿಲ್ಲದಿದ್ದ ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು; ಅವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಲೆಂದೇ ಎಷ್ಟೋ ಮಂದಿ ಅಕ್ಷರಗಳೊಡನೆ ಸ್ನೇಹ ಬೆಳೆಸಿಕೊಂಡರು. 1956ರಲ್ಲಿ ಆರಂಭವಾದ 'ಕಸ್ತೂರಿ' ಮಾಸಪತ್ರಿಕೆ, 1965ರಲ್ಲಿ ಆರಂಭವಾದ 'ಸುಧಾ' ವಾರಪತ್ರಿಕೆಗಳು ಈ ಹವ್ಯಾಸವನ್ನು ಮತ್ತಷ್ಟು ಹರಡಿದವು. ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವುದು ಮನೆಮಂದಿಗೆಲ್ಲ ಒಂದು ಸಂಭ್ರಮವಾಗಿತ್ತು.

ಇಂಥ ಕಾದಂಬರಿಗಳಿಂದ ಹೊತ್ತು ಕಳೆಯುವುದಲ್ಲದೆ ಬೇರೇನು ಲಾಭ ಎಂದು ಕೇಳುವವರಿಗೆ ತ್ರಿವೇಣಿಯವರ (1928-1963) 'ಶರಪಂಜರ' ಉತ್ತರ ಕೊಡುತ್ತದೆ. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಈ ಲೇಖಕಿ, ಹೆರಿಗೆಯ ಅನಂತರ ಮನೋರೋಗಕ್ಕೆ ತುತ್ತಾದ ಕಾವೇರಿಯ ಬಾಳನ್ನು ಅದರಲ್ಲಿ ಚಿತ್ರಿಸಿದ್ದಾರೆ. ಕಾವೇರಿ ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಆದರೆ ಗಂಡನಾಗಲಿ ನೆರೆಹೊರೆಯವರಾಗಲಿ ಆಕೆಯನ್ನು ಮೊದಲಿನಂತೆ ಕಾಣುವುದಿಲ್ಲ. ರೋಗಕ್ಕಿಂತಲೂ ಜನರ ಸಂಶಯವೇ ಆಕೆಯನ್ನು ಮತ್ತೆ ಮುರಿಯುತ್ತದೆ. ಮನೋರೋಗವನ್ನು ದೆವ್ವದ ಕಾಟವೆಂದು ಭಾವಿಸಿದ್ದ, ಮನೆತನದ ಕಳಂಕವೆಂದು ಮುಚ್ಚಿಡುತ್ತಿದ್ದ ಸಮಾಜಕ್ಕೆ ಈ ಕತೆ ಕಲಿಸಿದ ಪಾಠವನ್ನು ಯಾವ ವೈದ್ಯಕೀಯ ಉಪನ್ಯಾಸವೂ ಅಷ್ಟು ವ್ಯಾಪಕವಾಗಿ ಕಲಿಸಿರಲಾರದು. ಬಾಲ್ಯದಲ್ಲೇ ಮದುವೆಯಾಗಿ, ನಡುವಯಸ್ಸಿನಲ್ಲಿ ಲೇಖನಿ ಹಿಡಿದ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976) ಬಾಲವಿಧವೆಯೊಬ್ಬಳ ದೀರ್ಘಜೀವನದ ಕತೆ. ಅದನ್ನು ಓದಿ ಮುಗಿಸಿದ ಹುಡುಗ, ತನ್ನ ಮನೆಯ ಮೂಲೆಯಲ್ಲಿ ಮಾತಿಲ್ಲದೆ ಕೆಲಸ ಮಾಡುವ ಅಜ್ಜಿಯನ್ನೋ ಅತ್ತೆಯನ್ನೋ ಹೊಸ ಕಣ್ಣಿನಿಂದ ನೋಡದೆ ಇರಲಾರ. ಮಧುಗಿರಿ, ಪಾವಗಡಗಳ ಕೋಟೆಗಳನ್ನು ದಿನವೂ ಕಾಣುವ ವಿದ್ಯಾರ್ಥಿಗಳು, ನೆರೆಯ ಚಿತ್ರದುರ್ಗದ ಪಾಳೆಯಗಾರರ ಪತನವನ್ನು ವಸ್ತುವಾಗುಳ್ಳ ತ. ರಾ. ಸುಬ್ಬರಾಯರ (1920-1984) 'ದುರ್ಗಾಸ್ತಮಾನ'ವನ್ನು ಓದಿದರೆ, ಕಲ್ಲಿನ ಗೋಡೆಗಳ ಹಿಂದೆ ಮನುಷ್ಯರಿದ್ದರೆಂಬುದು ಅವರ ಅರಿವಿಗೆ ಬರುತ್ತದೆ.

ಹಾಗೆಂದು ಜನಪ್ರಿಯವಾದುದೆಲ್ಲ ಉತ್ತಮವೆಂದಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಕತೆಗಳು ಲೆಕ್ಕವಿಲ್ಲದಷ್ಟಿವೆ. ಕೆಲವು ಪುಸ್ತಕಗಳು ಓದುಗನ ಭಯವನ್ನೇ ಬಂಡವಾಳ ಮಾಡಿಕೊಳ್ಳುತ್ತವೆ. ತೆಲುಗಿನ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡದಲ್ಲಿಯೂ ಬಹುಜನರು ಓದಿದ ಕಾದಂಬರಿ. ಮಾಟಮಂತ್ರದ ಸುತ್ತ ಹೆಣೆದ ಅದರ ಕತೆ ಓದುಗನನ್ನು ಉಸಿರು ಬಿಗಿಹಿಡಿದು ಕೂರುವಂತೆ ಮಾಡುತ್ತದೆ. ಕತೆ ಕತೆಯೇ ಎಂಬ ಎಚ್ಚರವಿಲ್ಲದವನ ಮನಸ್ಸಿನಲ್ಲಿ ಅದು ಮೂಢನಂಬಿಕೆಯನ್ನು ಉಳಿಸಿಹೋಗುವ ಸಂಭವವೂ ಇದೆ. ಪುಸ್ತಕವನ್ನು ಮುಚ್ಚಿದ ಮೇಲೆ ಹೊಸ ಅನುಕಂಪ ಉಳಿಯಿತೋ, ಹಳೆಯ ಭಯ ಉಳಿಯಿತೋ ಎಂದು ಓದುಗನು ತನ್ನನ್ನೇ ಕೇಳಿಕೊಳ್ಳಬೇಕು.

ಇನ್ನು ಆತ್ಮೋನ್ನತಿಯ ಪುಸ್ತಕಗಳ ಮಾತು. ಇಂಗ್ಲೆಂಡಿನಲ್ಲಿ ಸ್ಯಾಮ್ಯುಯೆಲ್ ಸ್ಮೈಲ್ಸ್ 1859ರಲ್ಲಿ ಸ್ವಸಹಾಯದ ಮಹತ್ತ್ವವನ್ನು ಸಾರುವ ಗ್ರಂಥವನ್ನು ಪ್ರಕಟಿಸಿದನು. ಅಮೆರಿಕದ ಡೇಲ್ ಕಾರ್ನೆಗಿ 1936ರಲ್ಲಿ, ಸ್ನೇಹವನ್ನು ಗಳಿಸುವ ಬಗೆಯನ್ನು ಕುರಿತು ಬರೆದ ಪುಸ್ತಕ ಲೋಕಪ್ರಸಿದ್ಧವಾಯಿತು. ಕನ್ನಡದಲ್ಲಿ ಈ ಬಗೆಯ ಬರಹಕ್ಕೆ ತನ್ನದೇ ಆದ ಗಾಂಭೀರ್ಯವುಂಟು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಡಿ. ವಿ. ಗುಂಡಪ್ಪನವರು (1887-1975) ಸ್ವಂತ ಅಧ್ಯಯನದಿಂದಲೇ ವಿದ್ವಾಂಸರಾಗಿ, 1943ರಲ್ಲಿ 'ಮಂಕುತಿಮ್ಮನ ಕಗ್ಗ'ವನ್ನು ನಾಡಿಗೆ ನೀಡಿದರು. ಅದು ಗೆಲುವಿನ ಗುಟ್ಟನ್ನು ಮಾರುವ ಗ್ರಂಥವಲ್ಲ. ಗೆದ್ದಾಗ ಬೀಗದೆ, ಸೋತಾಗ ಕುಗ್ಗದೆ ಬಾಳುವುದನ್ನು ಹೇಳಿಕೊಡುವ ಗ್ರಂಥ. ರಾಮಕೃಷ್ಣ ಪರಂಪರೆಯ ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಅಸಂಖ್ಯ ತರುಣರಿಗೆ ಧೈರ್ಯ ತುಂಬಿದೆ. ಮೇಲೆ ಹೇಳಿದ ವೀರೇಂದ್ರನಾಥರೇ ಬರೆದ 'ವಿಜಯಕ್ಕೆ ಐದು ಮೆಟ್ಟಿಲು' ತೆಲುಗು, ಕನ್ನಡ ಎರಡರಲ್ಲೂ ಜನಪ್ರಿಯ. ಆಂಧ್ರಪ್ರದೇಶದ ನೆಲ ಮೂರು ಕಡೆ ಸುತ್ತುವರಿದಿರುವ ಪಾವಗಡದಲ್ಲಿ, ಮನೆಯಲ್ಲಿ ತೆಲುಗನ್ನೂ ಶಾಲೆಯಲ್ಲಿ ಕನ್ನಡವನ್ನೂ ಆಡುವ ಮಕ್ಕಳಿಗೆ ಇಂಥ ಪುಸ್ತಕ ಎರಡು ಬಾಗಿಲುಗಳಿಂದಲೂ ಒಳಗೆ ಬರುತ್ತದೆ. ಸಮಯಪಾಲನೆ, ಏಕಾಗ್ರತೆ, ನಾಲ್ಕು ಜನರ ಮುಂದೆ ಅಳುಕದೆ ಮಾತನಾಡುವುದು, ಇವುಗಳನ್ನು ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳಿಗೆ ಪುಸ್ತಕವೇ ಹಿರಿಯಣ್ಣನಾಗಬಲ್ಲದು.

ಆದರೆ ಇಲ್ಲಿ ಒಂದು ದೊಡ್ಡ ಅಪಾಯವಿದೆ. ಎಲ್ಲವೂ ನಿನ್ನ ಮನಸ್ಸಿನಲ್ಲಿದೆ, ಬಯಸಿದವನು ಗೆಲ್ಲುತ್ತಾನೆ, ಸೋತವನು ಸೋಮಾರಿ ಎಂದು ಹೇಳುವ ಪುಸ್ತಕಗಳು ಹಲವಿವೆ. ಈ ಮಾತನ್ನು ರಾಯಚರ್ಲುವಿನಂಥ ಊರಿನಲ್ಲಿ ನಿಂತು ಪರೀಕ್ಷಿಸಬೇಕು. ಮಧುಗಿರಿ, ಶಿರಾ, ಪಾವಗಡಗಳದು ಮಳೆಯನ್ನು ನಂಬಿದ ಬಯಲುಸೀಮೆ. ಶೇಂಗಾ ಬಿತ್ತಿದ ರೈತ ಕೋಳಿ ಕೂಗುವ ಮೊದಲೇ ಎದ್ದು ದುಡಿದರೂ, ಹೂ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೆಳೆ ಕೈಸೇರುವುದಿಲ್ಲ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಮಿತಿಮೀರಿ ಇರುವುದರಿಂದ ಹಲ್ಲು, ಮೂಳೆಗಳು ಕೆಟ್ಟ ಜನರಿದ್ದಾರೆ. ಅವರ ಸಂಕಟಕ್ಕೆ ಅವರ ಸೋಮಾರಿತನ ಕಾರಣವೇ? ತನ್ನ ತಂದೆಯ ಸಾಲಕ್ಕೆ ತಂದೆಯ ಮನೋದೌರ್ಬಲ್ಯವೇ ಕಾರಣವೆಂದು ಒಂದು ಪುಸ್ತಕ ಮಗನನ್ನು ನಂಬಿಸಿದರೆ, ಅದು ಮಗನನ್ನು ಮೇಲೆತ್ತಿದಂತಾಗುವುದಿಲ್ಲ. ತಂದೆಯಿಂದ ದೂರ ಮಾಡಿದಂತಾಗುತ್ತದೆ. ಪರೀಕ್ಷೆಯಲ್ಲಿ ಅನುತ್ತೀರ್ಣಳಾದ ಹುಡುಗಿ ತನ್ನ ಬಯಕೆಯೇ ಸಾಲದೆ ಹೋಯಿತೆಂದು ಕೊರಗಿದರೆ, ಆಕೆ ನೀರು ಹೊತ್ತ, ಮನೆಗೆಲಸ ಮಾಡಿದ ಗಂಟೆಗಳ ಲೆಕ್ಕವನ್ನು ಯಾರು ಇಡಬೇಕು? ಪ್ರಯತ್ನ ಬೇಕು ಎಂಬುದು ನಿಜ. ಪ್ರಯತ್ನವೊಂದೇ ಸಾಕು ಎಂಬುದು ನಿಜವಲ್ಲ. ಈ ಎರಡನೆಯ ಮಾತನ್ನು ಮರೆಮಾಚುವ ಪುಸ್ತಕ ಎಷ್ಟೇ ಮಾರಾಟವಾಗಲಿ, ಅದು ಓದುಗನಿಗೆ ಹಿತವನ್ನು ಮಾಡಲಾರದು.

ಹಾಗಾದರೆ ಆತ್ಮೋನ್ನತಿಯ ಪುಸ್ತಕದ ಯೋಗ್ಯತೆಯನ್ನು ಅಳೆಯುವ ಬಗೆ ಹೇಗೆ? ಮಹಾತ್ಮ ಗಾಂಧಿಯವರ ಜೀವನದ ಒಂದು ಘಟನೆ ಇದಕ್ಕೆ ದಾರಿ ತೋರುತ್ತದೆ. 1904ರಲ್ಲಿ ಅವರು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನಿಂದ ಡರ್ಬಾನಿಗೆ ರೈಲಿನಲ್ಲಿ ಹೊರಟಾಗ, ಮಿತ್ರ ಪೋಲಕ್ ಜಾನ್ ರಸ್ಕಿನ್ನನ ಒಂದು ಚಿಕ್ಕ ಪುಸ್ತಕವನ್ನು ಅವರ ಕೈಗಿತ್ತರು. ಓದಲು ತೊಡಗಿದ ಗಾಂಧಿಯವರು ಅದನ್ನು ಕೆಳಗಿಡಲಾರದೆ ಹೋದರು. ಶ್ರಮದ ಬಾಳೇ ಮೇಲಾದ ಬಾಳೆಂಬ ವಿಚಾರ ಅವರ ಮನಸ್ಸಿನಲ್ಲಿ ನೆಟ್ಟಿತು. ಆದರೆ ಅವರು ಪುಸ್ತಕವನ್ನು ಹೊಗಳಿ ಸುಮ್ಮನಾಗಲಿಲ್ಲ. ಅದೇ ವರ್ಷ ಡರ್ಬಾನಿನ ಹತ್ತಿರ ಭೂಮಿಯನ್ನು ಕೊಂಡು, ಎಲ್ಲರೂ ಕೈಯಾರೆ ದುಡಿದು ಬಾಳುವ ಫೀನಿಕ್ಸ್ ಆಶ್ರಮವನ್ನು ಸ್ಥಾಪಿಸಿದರು. ಆಚರಣೆಗೆ ಇಳಿದ ಒಂದು ಪುಸ್ತಕ, ಬರಿದೆ ಓದಿ ಮುಚ್ಚಿಟ್ಟ ನೂರಕ್ಕಿಂತ ಮೇಲು. ಅಂತೆಯೇ, ಆ ಪುಸ್ತಕ ಅವರಿಗೆ ತಾವೊಬ್ಬರೇ ಮೇಲೇರುವ ಹಾದಿಯನ್ನು ತೋರಿಸಲಿಲ್ಲ. ಎಲ್ಲರ ಹಿತದಲ್ಲಿಯೇ ತನ್ನ ಹಿತವಿದೆ ಎಂಬುದನ್ನು ಕಲಿಸಿತು. ಈ ಎರಡು ಗುಣಗಳಿದ್ದ ಪುಸ್ತಕವೇ ಓದತಕ್ಕ ಪುಸ್ತಕ.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಕತೆಗೂ ಉಪದೇಶಕ್ಕೂ ನಡುವೆ ಲೋಕ ಎಳೆದಿರುವ ಗೆರೆ ಅಳಿಸಿಹೋಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ (1938-2007) 'ಕರ್ವಾಲೊ' (1980) ಹಾರುವ ಓತಿಯನ್ನು ಹುಡುಕಿ ಹೊರಡುವ ಕುತೂಹಲದ ಕಾದಂಬರಿ. ಅದರಲ್ಲಿ ಮಂದಣ್ಣನೆಂಬ ಹಳ್ಳಿಯ ಯುವಕನಿದ್ದಾನೆ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗಾದರೋ ಪ್ರಕೃತಿಯನ್ನು ಸೂಕ್ಷ್ಮವಾಗಿ ಗಮನಿಸಬಲ್ಲ ಅಪೂರ್ವ ವ್ಯಕ್ತಿ. ಆತ್ಮವಿಶ್ವಾಸ ಬೇಕೆಂದು ಆ ಪುಸ್ತಕ ಎಲ್ಲಿಯೂ ಬೋಧಿಸುವುದಿಲ್ಲ. ಆದರೂ ಅದನ್ನು ಓದಿದ ಹಳ್ಳಿಯ ವಿದ್ಯಾರ್ಥಿಗೆ ತನ್ನ ಕಾಡುಮೇಡುಗಳ ತಿಳಿವಳಿಕೆಯೂ ಒಂದು ವಿದ್ಯೆಯೆಂಬ ಭರವಸೆ ಹುಟ್ಟುತ್ತದೆ. ಉತ್ತಮ ಕತೆ ಹೀಗೆ ಸದ್ದಿಲ್ಲದೆ ಮನುಷ್ಯನನ್ನು ತಿದ್ದುತ್ತದೆ.

ಪುಸ್ತಕಗಳನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದ ಮೇರೆಗೆ ಜನರ ತೆರಿಗೆಯೊಡನೆ ಗ್ರಂಥಾಲಯ ಕರವೂ ಸಂಗ್ರಹವಾಗುತ್ತದೆ. ಅಂದಮೇಲೆ ಗ್ರಂಥಾಲಯ ಯಾರೋ ಕೊಟ್ಟ ದಾನವಲ್ಲ, ಜನರ ಸ್ವಂತ ಆಸ್ತಿ. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಈಗ ಅವಕ್ಕೆ ಅರಿವು ಕೇಂದ್ರಗಳೆಂಬ ಹೆಸರಿದೆ. ಅಲ್ಲಿಯ ಕಪಾಟಿನಲ್ಲಿ ಪತ್ತೇದಾರಿ ಕತೆಯೂ ಕಗ್ಗವೂ ಒಂದರ ಪಕ್ಕದಲ್ಲಿ ಒಂದು ನಿಂತಿರಲಿ. ಓದುವವನು ಮೊದಲು ಯಾವುದನ್ನು ತೆಗೆದುಕೊಂಡನೆಂಬುದು ಮುಖ್ಯವಲ್ಲ; ಅಲ್ಲಿಂದ ಮುಂದಕ್ಕೆ ಹೋದನೇ ಎಂಬುದು ಮುಖ್ಯ. ಪುರುಷೋತ್ತಮನ ಸಾಹಸದಿಂದ ಆರಂಭಿಸಿದವನು ತ್ರಿವೇಣಿಯವರನ್ನು ಮುಟ್ಟಬಹುದು, ತ್ರಿವೇಣಿಯವರಿಂದ ಕಾರಂತ, ಕುವೆಂಪು ಅವರನ್ನು ತಲುಪಬಹುದು. ಮೊದಲ ಪುಸ್ತಕವನ್ನೇ ಕಸಿದುಕೊಂಡರೆ ಈ ಪಯಣ ಹೊರಡುವ ಮೊದಲೇ ನಿಂತುಹೋಗುತ್ತದೆ.

ಆದುದರಿಂದ ಮಕ್ಕಳ ಕೈಯಲ್ಲಿ ಕಾದಂಬರಿಯನ್ನು ಕಂಡ ಹಿರಿಯರು ಸಿಟ್ಟಾಗುವ ಬದಲು, ಅದರಲ್ಲಿ ಏನಿದೆ ಹೇಳು ಎಂದು ಕೇಳುವುದು ಲೇಸು. ಯಶಸ್ಸಿನ ಪುಸ್ತಕವನ್ನು ಓದುವ ವಿದ್ಯಾರ್ಥಿಯು ಅದರ ಮಾತು ತನ್ನ ಊರಿನ ಮಳೆಗೂ ಹೊಲಕ್ಕೂ ತನ್ನ ತಾಯಿಯ ದುಡಿಮೆಗೂ ಒಪ್ಪುತ್ತದೆಯೇ ಎಂದು ಪ್ರಶ್ನಿಸುವುದು ಲೇಸು. ಪರರ ನೋವನ್ನು ಅರಿಯುವಂತೆ ಮಾಡಿದ ಕತೆ ಉಪದೇಶಕ್ಕಿಂತ ಕಡಮೆಯದಲ್ಲ. ಆಚರಣೆಗೆ ಬಾರದ ಉಪದೇಶ ಬರಿಯ ಕತೆಗಿಂತ ಹೆಚ್ಚಿನದೂ ಅಲ್ಲ.