ಪಲ್ಟನ್ನಿನ ಹೆಸರನ್ನೂ ಹೇಳಿ



ಮೇಜರ್ ರಾಮಸ್ವಾಮಿ ಪರಮೇಶ್ವರನ್ ಸತ್ತದ್ದು 1987ರ ನವೆಂಬರ್ 25ರಂದು, ಶ್ರೀಲಂಕೆಯಲ್ಲಿ. ಶೋಧ ಮುಗಿಸಿ ರಾತ್ರಿ ಹಿಂದಿರುಗುತ್ತಿದ್ದ ಅವರ ತುಕಡಿಯ ಮೇಲೆ ಹೊಂಚು ಹಾಕಿದ್ದವರು ಗುಂಡು ಹಾರಿಸಿದರು. ಮೇಜರ್ ಅಡಗಲಿಲ್ಲ. ಸುತ್ತು ಬಳಸಿ ಹಿಂದಿನಿಂದ ನುಗ್ಗಿದರು. ಕೈಗೆ ಕೈ ಹತ್ತಿದಾಗ ಎದೆಗೆ ಗುಂಡು ಬಿತ್ತು. ಹೊಡೆದವನ ಬಂದೂಕನ್ನೇ ಕಿತ್ತುಕೊಂಡು ಅವನನ್ನು ಉರುಳಿಸಿದರು. ಜೀವ ಹೋಗೋತನಕ ತನ್ನ ಹುಡುಗರಿಗೆ ಅಪ್ಪಣೆ ಕೊಡುತ್ತಲೇ ಇದ್ದರು. ಸರಕಾರ ಪರಮವೀರ ಚಕ್ರ ಕೊಟ್ಟಿತು. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟರು.

ಈ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. (ಆ ಯುದ್ಧಕ್ಕೆ ಫೌಜು ಕಳಿಸಬೇಕಿತ್ತೋ ಬೇಡವೋ ಅನ್ನೋದು ಬೇರೆ ಮಾತು. ಸಾವಿರಕ್ಕೂ ಹೆಚ್ಚು ಜನ ಅಲ್ಲಿ ಸತ್ತರು. ಕಳಿಸಿದವರ ಮಕ್ಕಳು ಅವರಲ್ಲಿ ಎಷ್ಟು ಮಂದಿ?)

ನಮ್ಮ ತಕರಾರು ಇನ್ನೊಂದು. ಮೇಜರ್ ಹೆಸರು ಹೇಳುವವರು ಅವರ ಪಲ್ಟನ್ನಿನ ಹೆಸರನ್ನು ಯಾಕೆ ನುಂಗುತ್ತಾರೆ? ಅದು 8ನೇ ಮಹಾರ್. ಮಹಾರ್ ರೆಜಿಮೆಂಟಿಗೆ ಬಂದ ಮೊದಲ ಪರಮವೀರ ಚಕ್ರ ಅದು.

'ಮಹಾರ್ ಅಂದ್ರ ಮರಾಠಿ ಮಂದಿ, ನಮಗೇನ್ ಸಂಬಂಧ?' ಅಂತ ಬೆಟಗೇರಿಯ ಹುಡುಗರು ಕೇಳಬಹುದು. ಆಚೆ ಮಹಾರ್ ಮಾಡಿದ ಊರ ಚಾಕರಿಯನ್ನೇ, ಸತ್ತ ದನ ಎಳೆಯೋದನ್ನೇ, ಈಚೆ ಹೊಲೆಯ ಮಾಡಿದ. ಕೇರಿ ಊರ ಹೊರಗೇ ಇತ್ತು, ಎರಡೂ ಕಡೆ. ಇನ್ನೊಂದು ಸಂಬಂಧವೂ ಉಂಟು. ಈ ರೆಜಿಮೆಂಟಿನ ಮೊದಲ ಬಟಾಲಿಯನ್ ಹುಟ್ಟಿದ್ದು ದೂರದ ಪುಣೆಯಲ್ಲಲ್ಲ, ನಮ್ಮ ಬೆಳಗಾವಿಯಲ್ಲಿ, 1941ರ ಅಕ್ಟೋಬರಿನಲ್ಲಿ.

ಹಾಗಾದರೆ ಅದಕ್ಕೂ ಮೊದಲು ನಮ್ಮವರಿಗೆ ಬಂದೂಕು ಹಿಡಿಯಲು ಬರುತ್ತಿರಲಿಲ್ಲವೆ? 1818ರ ಜನವರಿ 1ರಂದು ಕೋರೆಗಾಂವದಲ್ಲಿ ಪೇಶ್ವೆಯ ದಂಡನ್ನು ಕಂಪನಿಯ ಸಣ್ಣ ತುಕಡಿ ತಡೆದು ನಿಲ್ಲಿಸಿತು. ಅದೇ ತಿಂಗಳು ಮನ್ರೋ ಗದಗಿನ ಕೋಟೆ ಹಿಡಿದ. ಪೇಶ್ವೆ ಹೋದ, ಅವನ ಸರದಾರರು ಹೋಗಲಿಲ್ಲ. ಲಕ್ಷ್ಮೇಶ್ವರ ಮಿರಜಿನವರ ಕೈಯಲ್ಲಿ, ಶಿರಹಟ್ಟಿ ಸಾಂಗಲಿಯವರ ಕೈಯಲ್ಲಿ 1948ರವರೆಗೂ ಉಳಿದವು. ಕೋರೆಗಾಂವದ ಕ್ಯಾಪ್ಟನ್ ಸ್ಟಾಂಟನ್‌ಗೆ ಗೌರವದ ಖಡ್ಗ ಸಿಕ್ಕಿತು. ಸತ್ತ 22 ಮಹಾರರಿಗೆ ಕಂಬದ ಮೇಲೆ ಹೆಸರು ಸಿಕ್ಕಿತು. ಕಂಪನಿ ನಮ್ಮ ಮೇಲಿನ ಪ್ರೀತಿಗೆ ಆ ಕಂಬ ನಿಲ್ಲಿಸಲಿಲ್ಲ, ತನ್ನ ಗೆಲುವಿಗೆ ನಿಲ್ಲಿಸಿತು. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿ ಹೋಗಿ ನಿಂತ ಮೇಲೆ ಅದು ನಮ್ಮ ಕಂಬವಾಯಿತು.

ಮುಂದೆ ಏನಾಯಿತು ನೋಡಿ. 1892ರ ಹೊತ್ತಿಗೆ ಇಂಗ್ಲಿಷರು ಫೌಜಿನ ಬಾಗಿಲು ಹಾಕಿದರು. ನೀವು ಯುದ್ಧದ ಜಾತಿಯಲ್ಲ ಅಂದರು. ಬಾಬಾಸಾಹೇಬರ ತಂದೆ ರಾಮಜಿ ಸುಬೇದಾರರಾಗಿದ್ದ ಅದೇ ಫೌಜು! 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಲಂಡನ್ನಿಗೇ ಅರ್ಜಿ ಬರೆದರು. ಬಾಗಿಲು ತೆರೆಯಲಿಲ್ಲ. ಜರ್ಮನಿಯ ಯುದ್ಧ ಬಿತ್ತು, 1917ರಲ್ಲಿ '111ನೇ ಮಹಾರ್ಸ್' ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಬರಖಾಸ್ತು ಮಾಡಿದರು. ಮತ್ತೆ ಯುದ್ಧ ಬಂತು, ಬಾಬಾಸಾಹೇಬರು ಹಟ ಹಿಡಿದರು, ಆಗ ಬೆಳಗಾವಿ. ಬೆಂಕಿ ಹತ್ತಿದಾಗ ಕೇರಿಗೆ ಕೂಗು, ಆರಿದ ಮೇಲೆ ಅಂಗಳದಿಂದಾಚೆ. ಆ ಪಲ್ಟನ್ನಿನ ಟೋಪಿಯ ಬಿಲ್ಲೆಯ ಮೇಲೆ ಕೋರೆಗಾಂವದ ಕಂಬ ಇತ್ತು. ಆಮೇಲೆ ಅದನ್ನೂ ತೆಗೆದರು.

ಆದರೆ ಹೆಸರು ಉಳಿಯಿತು. ನಂತರ ಎಲ್ಲ ಜಾತಿಯವರೂ ಆ ರೆಜಿಮೆಂಟಿಗೆ ಸೇರಿದರು. ಮುಂಬಯಿಯಲ್ಲಿ ಹುಟ್ಟಿದ ತಮಿಳ ಪರಮೇಶ್ವರನ್ ಬಂದದ್ದು ಹಾಗೆ. ಊರಲ್ಲಿ ಬೈಗುಳವಾಗಿದ್ದ ಒಂದು ಮಾತನ್ನು ಅವರು ಭುಜದ ಮೇಲೆ ಹಾಕಿಕೊಂಡರು, ಅದನ್ನು ಹಾಕಿಕೊಂಡೇ ಸತ್ತರು. ಇವತ್ತು ಅವರ ಪಟಕ್ಕೆ ಹಾರ ಹಾಕುವ ಊರಲ್ಲೇ, ಪಿಂಚಣಿ ಬಂದ ನಮ್ಮ ಸಿಪಾಯಿಗೆ ಚಾ ಅಂಗಡಿಯಲ್ಲಿ ಬೇರೆ ಲೋಟ ಇಟ್ಟರೆ ಆ ಹಾರ ಯಾರಿಗೆ?

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕೇರಿಗಳಿಂದ ಫೌಜಿಗೆ ಹೋದವರು ಯಾರ್ಯಾರು? ಅವರ ಪಲ್ಟನ್ ಯಾವುದು, ನಂಬರ್ ಎಷ್ಟು, ಯಾವ ಯುದ್ಧ? ಮನೆಯ ಮುದುಕಿಯರನ್ನು ಕೇಳಿ. ಟ್ರಂಕಿನ ತಳದಲ್ಲಿ ಮೆಡಲು, ಡಿಸ್ಚಾರ್ಜ್ ಕಾಗದ ಇದ್ದರೆ ನೋಡಿ ಬರಕೊಳ್ಳಿ. ಮನೆಯವರನ್ನು ಕೇಳಿ, ಅವರು ಹೂಂ ಅಂದರೆ ಮುಂದಿನ ಸಭೆಗೆ ಬರೋವಾಗ ತನ್ನಿ. ಪೆನ್ಸಿಲ್ಲಿನಲ್ಲಿ ಬರೆದಿದ್ದರೂ ಅಚ್ಚು ಹಾಕುತ್ತೇವೆ.