ಹಸಿವೆ ಕೊಲ್ಲುವ ಮಾತ್ರೆ ನಿದ್ದೆಯನ್ನು ಬಿಟ್ಟೀತೇ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹುಳು ಸಾಕಿದವರಿಗೆಲ್ಲ ಗೊತ್ತು: ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳುವಿಗೆ ಹೊಟ್ಟೆ ತುಂಬ ಸೊಪ್ಪು ಬೀಳದಿದ್ದರೆ ಗೂಡು ಗಟ್ಟಿಯಾಗದು. ಅದಕ್ಕಾಗಿ ರಾತ್ರಿ ನಿದ್ದೆಗೆಟ್ಟಾದರೂ ಸೊಪ್ಪು ಹಾಕುತ್ತೇವೆ. ಹುಳುವಿನ ಹಸಿವೆಗೆ ಇಷ್ಟು ಮರ್ಯಾದೆ ಕೊಡುವ ನಾವು, ಹೆಣ್ಣಿನ ಹಸಿವೆಯನ್ನು ಮಾತ್ರ ಶತ್ರುವಿನಂತೆ ಕಾಣುವುದು ಯಾವ ನ್ಯಾಯ?

ಗಂಡಿನ ಕಡೆಯವರು ಬರುವುದರೊಳಗೆ ಮಗಳು ತೆಳ್ಳಗಾಗಬೇಕು. ಹೆರಿಗೆಯಾದ ಸೊಸೆ ಮೊದಲಿನಂತಾಗಬೇಕು. ಅದಕ್ಕೆ ಹಸಿವೆ ಅಡಗಿಸುವ ಮಾತ್ರೆ. ಈಗ ಚುಚ್ಚುಮದ್ದೂ ಬಂದಿದೆ. ತೂಕ ಎಷ್ಟು ಇಳಿಯಿತು ಎಂದು ಎಲ್ಲರೂ ಕೇಳುತ್ತಾರೆ. ರಾತ್ರಿ ನಿದ್ದೆ ಬಂತೇ, ಎಂಥ ಕನಸು ಬಿತ್ತು ಎಂದು ಕೇಳುವವರು ಯಾರು?

ಹಸಿವೆ ಬರೀ ಹೊಟ್ಟೆಯದಲ್ಲ, ಮಿದುಳಿನದೂ ಹೌದು. ಇಂಥ ಹಲವು ಔಷಧಿಗಳು ಎಚ್ಚರ, ನಿದ್ದೆ, ಕನಸುಗಳನ್ನು ನಡೆಸುವ ರಾಸಾಯನಿಕಗಳನ್ನೇ ಮುಟ್ಟುತ್ತವೆ. ಆಂಫೆಟಮಿನ್ ಜಾತಿಯ ಮಾತ್ರೆಗಳು ಕನಸು ಹೆಚ್ಚಾಗಿ ಬೀಳುವ ನಿದ್ದೆಯನ್ನು ಅದುಮಿಡುತ್ತವೆ. ಮಾತ್ರೆ ಬಿಟ್ಟಾಗ ಆ ನಿದ್ದೆ ಕಟ್ಟೆಯೊಡೆದ ಕೆರೆಯಂತೆ ನುಗ್ಗುತ್ತದೆ. ಹಿಂದೆ ಹಸಿವೆ ಕುಗ್ಗಿಸಲು ಕೊಡುತ್ತಿದ್ದ ಫೆನ್‌ಮೆಟ್ರಜಿನ್‌ನ ಚಟ ಹತ್ತಿದವರಲ್ಲಿ ಇದನ್ನು ಆಸ್ವಾಲ್ಡ್ ಮತ್ತು ಥಾಕೋರೆ 1963ರಲ್ಲಿಯೇ ಕಂಡು ಬರೆದಿದ್ದರು. ತೂಕ ಇಳಿಸಲು ಬಳಸುವ ಬ್ಯುಪ್ರೊಪಿಯಾನ್‌ಗೆ ನಿದ್ರಾಹೀನತೆ, ವಿಚಿತ್ರ ಕನಸುಗಳ ಅಡ್ಡಪರಿಣಾಮವುಂಟು. ಸೆಮಾಗ್ಲುಟೈಡ್ ತೆಗೆದುಕೊಂಡ ಕೆಲವರೂ ಕನಸುಗಳು ತೀವ್ರವಾದವು ಎಂದಿದ್ದಾರೆ. ನಿದ್ದೆಗೆಡಿಸುತ್ತಿದ್ದ ಸಿಬುಟ್ರಮಿನ್ ಹೃದಯಕ್ಕೂ ಅಪಾಯ ಎಂದು ತಿಳಿದು, ನಮ್ಮ ದೇಶದಲ್ಲಿ ಅದು 2011ರಲ್ಲಿ ನಿಷೇಧವಾಯಿತು.

ಆದರೆ ನಮ್ಮಲ್ಲಿ ಕೆಟ್ಟ ಕನಸು ಎಂದರೆ ತಾಯಿತ, ಶಾಂತಿ, ದೃಷ್ಟಿ ತೆಗೆಯುವುದು! ಮಾತ್ರೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. 'ಇವಳಿಗೆ ನರದ ಖಾಯಿಲೆ' ಎಂಬ ಹೆಸರು ಬೇರೆ.

ಬೊಜ್ಜಿನಿಂದಾಗಿ ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದವರಿಗೆ ವೈದ್ಯರೇ ನೋಡಿ ಕೊಡುವ ಔಷಧಿಯನ್ನು ನಾನು ದೂರುತ್ತಿಲ್ಲ. ಚೀಟಿಯಿಲ್ಲದೆ ಮಾರುವ ಅಂಗಡಿಯವರನ್ನು, ತೂಕ ಒಂದನ್ನೇ ನೋಡಿ ಕಳಿಸುವ ವೈದ್ಯರನ್ನು, ಸಣ್ಣಗಾಗು ಎಂದು ದಿನಾ ಚುಚ್ಚುವ ಮನೆಯವರನ್ನು ದೂರುತ್ತಿದ್ದೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇಂಥ ನಾಡಿನಲ್ಲಿ ಕಂಡಕಂಡವರಿಗೆಲ್ಲ ಹಸಿವೆ ಅಡಗಿಸುವುದೇ ಆರೋಗ್ಯವೇ?

ಆದ್ದರಿಂದ, ಅಕ್ಕತಂಗಿಯರೇ, ಮಾತ್ರೆ ಶುರುವಾದ ದಿನ, ಕೆಟ್ಟ ನಿದ್ದೆ, ಬಿದ್ದ ಕನಸು ಮೂರನ್ನೂ ಬರೆದಿಡಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಆ ಬರಹ ಹಿಡಿದು ವೈದ್ಯರ ಮುಂದೆ ಕುಳಿತು ಉತ್ತರ ಕೇಳಿ. ಅವರು ನಕ್ಕರೆ ಬೇರೆ ವೈದ್ಯರನ್ನು ನೋಡಿ.